ಸರೋವರದ ದಡದ ಪ್ರಶ್ನೆಗಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಸಂಸ್ಥೆಗೆ ಒಂದು ಸ್ಮಾರಕ ಬೇಕೆನಿಸುವುದು ಸಹಜ. ಸಭಾಂಗಣ ಕಟ್ಟೋಣ ಎಂದು ಕೆಲವರು, ಹೆಬ್ಬಾಗಿಲು ನಿಲ್ಲಿಸೋಣ ಎಂದು ಕೆಲವರು ಸೂಚಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳ ಬಳಗವು ಕಲ್ಲು ಗಾರೆಗಳಿಂದ ಕಟ್ಟಲಾಗದ ಸ್ಮಾರಕವೊಂದನ್ನು ನಮ್ಮ ಮುಂದಿಟ್ಟಿದೆ. ಪ್ರತಿವರ್ಷ ಬೇಸಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಕೆಲವು ಮಕ್ಕಳನ್ನು ಹಿಮಾಲಯದ ಸರೋವರವೊಂದಕ್ಕೆ ಚಾರಣ ಕರೆದೊಯ್ಯುವುದು, ಅದರ ವೆಚ್ಚವನ್ನು ಬಳಗವೇ ವಹಿಸುವುದು ಎಂಬುದು ಆ ಸೂಚನೆ. ಮೊದಲ ವರ್ಷಕ್ಕೆ ಆರಿಸಿರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ದೇವರಿಯಾತಾಲ್. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ, ಸಾರಿ ಎಂಬ ಹಳ್ಳಿಯ ಮೇಲಿನ ಕಾಡಿನ ನಡುವೆ ಇರುವ ಸಣ್ಣ ಸರೋವರವದು. ಗಾಳಿಯಿಲ್ಲದ ಮುಂಜಾನೆ 7,138 ಮೀಟರ್ ಎತ್ತರದ ಚೌಖಂಬಾ ಶಿಖರವು ಆ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ.

ಅನುಮತಿಪತ್ರಗಳನ್ನು ನಿಮ್ಮ ಮನೆಗಳಿಗೆ ಕಳುಹಿಸಿದೆವು. ಗಂಡುಮಕ್ಕಳ ಪತ್ರಗಳಲ್ಲಿ ಹೆಚ್ಚಿನವು ಸಹಿಯೊಡನೆ ಮರಳಿದವು. ಹೆಣ್ಣುಮಕ್ಕಳ ಪತ್ರಗಳಲ್ಲಿ ಹೆಚ್ಚಿನವು ಸಹಿಯಿಲ್ಲದೆ, ಆದರೆ ಪ್ರಶ್ನೆಗಳೊಡನೆ ಬಂದವು. ಆ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಇಂದಿನ ನಮ್ಮ ಮಾತಿನ ಉದ್ದೇಶ.

ಮಹಾಭಾರತದ ಅರಣ್ಯಪರ್ವದ ಯಕ್ಷಪ್ರಶ್ನೆಯ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ಯಕ್ಷನು ಧರ್ಮರಾಯನನ್ನು ಪ್ರಶ್ನಿಸಿದ ಕೊಳ ಇದೇ ದೇವರಿಯಾತಾಲ್ ಎಂಬುದು ಅಲ್ಲಿಯ ಜನರ ನಂಬಿಕೆ. ಪ್ರಶ್ನೆಗೆ ಉತ್ತರಿಸದೆ ನೀರಿಗೆ ಕೈಯಿಟ್ಟ ನಾಲ್ವರು ತಮ್ಮಂದಿರು ದಡದಲ್ಲೇ ಉರುಳಿದರು. ಉತ್ತರಿಸಿದ ಅಣ್ಣನಿಗೆ ನೀರೂ ದಕ್ಕಿತು, ತಮ್ಮಂದಿರೂ ದಕ್ಕಿದರು. ಉತ್ತರ ಹೇಳದೆ ನಿಮ್ಮ ಮಕ್ಕಳನ್ನು ಆ ದಡಕ್ಕೆ ಒಯ್ಯುವುದು ನಮಗೂ ಸಲ್ಲದು.

ಮೊದಲನೆಯ ಪ್ರಶ್ನೆ: ಬೆಟ್ಟದ ದಾರಿಯಲ್ಲಿ ಅಪಾಯವಿಲ್ಲವೆ? ಇದೆ. ಚಮೋಲಿ ಜಿಲ್ಲೆಯಲ್ಲಿ ಸುಮಾರು 5,000 ಮೀಟರ್ ಎತ್ತರದಲ್ಲಿ ರೂಪಕುಂಡವೆಂಬ ಸರೋವರವಿದೆ. 1942ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಅದರ ದಡದಲ್ಲಿ ಮನುಷ್ಯರ ಎಲುಬುಗಳ ರಾಶಿಯನ್ನು ಕಂಡರು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಇತರ ದೇಶಗಳ ವಿದ್ವಾಂಸರೊಡಗೂಡಿ 38 ಜನರ ಅವಶೇಷಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲರೂ ಒಂದೇ ದುರಂತದಲ್ಲಿ ಮಡಿದವರಲ್ಲ. ಒಂದು ಗುಂಪು ಕ್ರಿ.ಶ. 800ರ ಸುಮಾರಿನದು, ಇನ್ನೊಂದು ಅದಕ್ಕಿಂತ ಸಾವಿರ ವರ್ಷ ಈಚಿನದು. ಪರ್ವತವು ಎಚ್ಚರವಿಲ್ಲದವರನ್ನು ಒಮ್ಮೆ ಮಾತ್ರವಲ್ಲ, ಮತ್ತೆ ಮತ್ತೆ ದಂಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2013ರ ಜೂನ್ ತಿಂಗಳಿನಲ್ಲಿ ಕೇದಾರನಾಥದಲ್ಲಿ ನಡೆದುದನ್ನೂ ನೀವು ಮರೆತಿಲ್ಲ.

ಆದುದರಿಂದಲೇ ನಾವು ರೂಪಕುಂಡದಂಥ ಎತ್ತರವನ್ನು ಆರಿಸಿಲ್ಲ, ಮಳೆಗಾಲವನ್ನೂ ಆರಿಸಿಲ್ಲ. ಮೇ ತಿಂಗಳ ಮೊದಲ ವಾರಗಳಲ್ಲಿ ಹೋಗಿ ಮಳೆಗೆ ಮುನ್ನ ಮರಳುವುದು ನಿಶ್ಚಯವಾಗಿದೆ. ನಮ್ಮ ಆದೋನಿ ಸಮುದ್ರಮಟ್ಟದಿಂದ ಸುಮಾರು 435 ಮೀಟರ್ ಎತ್ತರದಲ್ಲಿದೆ. 2,400 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿನಷ್ಟೇ ಇರುವುದರಿಂದ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಕಡಿಮೆ. ಅವಸರದಿಂದ ಏರಿದವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಬರಬಹುದು. ಮೆಲ್ಲನೆ ಏರುವುದು, ನೀರು ಕುಡಿಯುವುದು, ನೋವನ್ನು ಮುಚ್ಚಿಡದೆ ಹೇಳುವುದು, ಹೆಚ್ಚಿದರೆ ಕೂಡಲೇ ಕೆಳಗಿಳಿಯುವುದು, ಇವೇ ಅದಕ್ಕೆ ಮದ್ದು. ಸಾರಿ ಹಳ್ಳಿಯಿಂದ ಸರೋವರಕ್ಕೆ ಎರಡು ಮೂರು ಕಿಲೋಮೀಟರುಗಳ ಏರು ಮಾತ್ರ. ಆದರೂ ಹಳ್ಳಿಯಲ್ಲಿ ಒಂದು ಇರುಳು ತಂಗಿ, ದೇಹ ಒಗ್ಗಿದ ಮೇಲೆಯೇ ಏರುವುದು. ತಂಡದ ನಡಿಗೆ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಮಗುವಿನ ನಡಿಗೆಗೆ ಹೊಂದಿಕೊಳ್ಳಬೇಕೆಂಬುದು ನಮ್ಮ ನಿಯಮ.

ಎರಡನೆಯ ಪ್ರಶ್ನೆ: ನಮ್ಮೂರಲ್ಲೇ ಬೆಟ್ಟವಿರುವಾಗ ಅಷ್ಟು ದೂರವೇಕೆ? ಒಳ್ಳೆಯ ಪ್ರಶ್ನೆ. ನಮ್ಮ ಕೋಟೆ ಐದು ಬೆಟ್ಟಗಳನ್ನು ಬಳಸಿ ನಿಂತಿದೆ. ಅವುಗಳಲ್ಲಿ ಬಾರಾಕಿಲ್ಲಾ ಮತ್ತು ತಾಲಿಬಂಡ ಬಯಲಿನಿಂದ ಸುಮಾರು 800 ಅಡಿ ಎತ್ತರದವು. ಅರ್ಧ ದಾರಿಯಲ್ಲಿ ಎಂದೂ ಬತ್ತದೆಂಬ ಪ್ರತೀತಿಯ ಕೆರೆಯೊಂದಿದೆ ಎಂದು ಶತಮಾನದ ಹಿಂದಿನ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ವಿಜಯನಗರದವರು, ಬಿಜಾಪುರದವರು, ಮೊಗಲರು, ನಿಜಾಮರು, 1786ರಲ್ಲಿ ಮುತ್ತಿಗೆ ಹಾಕಿದ ಟಿಪ್ಪು ಸುಲ್ತಾನ್, ಇವರೆಲ್ಲರೂ ಬಯಸಿದ ಕೋಟೆಯಿದು. ಇಂಥ ಬರದ ನಾಡಿನಲ್ಲಿ ಕೋಟೆಯನ್ನು ಕಾಯುವುದು ಗೋಡೆಗಳಷ್ಟೇ ಅಲ್ಲ, ಬೆಟ್ಟದ ಮೇಲಿನ ನೀರು. ಆದ್ದರಿಂದ ಹಿಮಾಲಯದ ದಾರಿ ನಮ್ಮ ಕೋಟೆಬೆಟ್ಟದಿಂದಲೇ ಆರಂಭವಾಗುತ್ತದೆ. ಹೊರಡುವ ಪ್ರತಿ ಮಗುವೂ ಎಂಟು ಭಾನುವಾರಗಳಂದು ಮುಂಜಾನೆ ಶಿಕ್ಷಕರೊಡನೆ ಆ ಬೆಟ್ಟವನ್ನು ಏರಿ ಇಳಿಯಬೇಕು. ಊರ ಬೆಟ್ಟವನ್ನು ಕಾಣದವರಿಗೆ ದೂರದ ಬೆಟ್ಟ ನುಣ್ಣಗೆ ಮಾತ್ರ ಕಂಡೀತು.

ಮೂರನೆಯ ಪ್ರಶ್ನೆ: ಕನ್ನಡದಲ್ಲಿ ಓದಿದ ಮಕ್ಕಳು ಅಷ್ಟು ದೂರದಲ್ಲಿ ಮಾತಿಗೆ ತಡವರಿಸರೆ? ಬಂಧುಗಳೆ, ಈ ಶಾಲೆ ಆರಂಭವಾದಾಗ ಆದವಾನಿ ತಾಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಸೇರಿದವು. ಗಡಿ ನಮ್ಮನ್ನು ದಾಟಿಹೋಯಿತು. ನಾವು ಇದ್ದಲ್ಲಿಯೇ ಇದ್ದೆವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು, ಹೀಗೆ ಬೆಳೆದ ಮಕ್ಕಳು ಹಿಂದಿಗೆ ಹೆದರುವವರಲ್ಲ. ಸಾರಿ ಹಳ್ಳಿಯ ಸಮೀಪದ ಉಖೀಮಠವು ಕೇದಾರನಾಥನ ಚಳಿಗಾಲದ ಪೂಜಾಸ್ಥಾನ. ಕೇದಾರದಲ್ಲಿ ಪೂಜೆ ಸಲ್ಲಿಸುವ ಅರ್ಚಕರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಕನ್ನಡ ಆ ಬೆಟ್ಟಗಳನ್ನು ನಮಗಿಂತ ಬಹುಮೊದಲೇ ಏರಿದೆ.

ನಾಲ್ಕನೆಯ ಪ್ರಶ್ನೆ: ಇದರಿಂದ ಅಂಕ ಹೆಚ್ಚುವುದೆ? ಹೆಚ್ಚುವುದೆಂದು ಹೇಳಲಾರೆವು. ಭೂಗೋಳದ ಪಾಠದಲ್ಲಿ ಎತ್ತರಕ್ಕೆ ತಕ್ಕಂತೆ ಸಸ್ಯಗಳು ಬದಲಾಗುತ್ತವೆ ಎಂಬ ವಾಕ್ಯವಿದೆ. ಅದನ್ನು ಕಂಠಪಾಠ ಮಾಡುವುದು ಒಂದು ಬಗೆ. ಜಾಲಿ ಬೇಲಿಗಳ ನಾಡಿನಿಂದ ಹೋಗಿ ಓಕ್ ಮತ್ತು ಕೆಂಪು ಬುರಾಂಶ್ ಮರಗಳ ನೆರಳಿನಲ್ಲಿ ನಡೆಯುವುದು ಇನ್ನೊಂದು ಬಗೆ. ಪ್ರತಿಯೊಂದು ಮಗುವೂ ದಿನಚರಿ ಬರೆಯಬೇಕು, ಕನ್ನಡದಲ್ಲಿ. ಮರಳಿದ ಮೇಲೆ ಅದನ್ನು ಕೆಳಗಿನ ತರಗತಿಯ ಮಕ್ಕಳಿಗೆ ಓದಿ ಹೇಳಬೇಕು. ಒಯ್ದ ಕಾಗದದ ಚೂರನ್ನೂ ಬೆಟ್ಟದ ಮೇಲೆ ಬಿಡದೆ ಹಿಂದಕ್ಕೆ ತರಬೇಕು. ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ಇರುಳು ತಂಗುವುದನ್ನು ನಿಷೇಧಿಸಬೇಕಾಗಿ ಬಂದುದು ಅಲ್ಲಿಗೆ ಹೋಗುವವರಿಂದ ಆ ನೆಲಕ್ಕಾಗುತ್ತಿದ್ದ ಹಾನಿಯನ್ನು ಕಂಡು. ಅತಿಥಿಯ ನಡತೆಯನ್ನು ಕಲಿಯುವುದೂ ವಿದ್ಯೆಯೇ.

ಕೊನೆಯ ಪ್ರಶ್ನೆ: ಹೆಣ್ಣುಮಕ್ಕಳಿಗೆ ಬೆಟ್ಟವೇಕೆ?

ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರುಗಳ ಹಳ್ಳಿಗಳಲ್ಲಿ ಬೇಸಗೆಯ ನೀರಿಗೆ ನಡೆಯುವವರು ಯಾರು? ಮಗಳು. ಬಿತ್ತಿದ್ದು ಕೈಗೆ ಬಾರದೆ ಕುಟುಂಬವು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೊರಟಾಗ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಡೆಯುವವಳು ಯಾರು? ಅವಳೇ. ಆಗ ಯಾರೂ ಅವಳ ಕಾಲಿಗೆ ಶಕ್ತಿಯಿದೆಯೇ ಎಂದು ಕೇಳಲಿಲ್ಲ. ಕೊಡ ಹೊತ್ತು ನಡೆಯಲು ಬೇಡವಾದ ಅಪ್ಪಣೆ, ಪುಸ್ತಕದ ಚೀಲ ಹೊತ್ತು ನಡೆಯಲು ಮಾತ್ರ ಏಕೆ ಬೇಕಾಯಿತು? ಒಮ್ಮೆಯಾದರೂ ಅವಳು ನೀರನ್ನು ಹೊತ್ತು ತರಲೆಂದಲ್ಲದೆ ನೋಡಲೆಂದು ನಡೆಯಲಿ.

ನಾಲ್ಕು ಜನ ಏನೆಂದಾರು ಎಂಬ ಅಳುಕು ನಿಮ್ಮಲ್ಲಿದೆ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಇಬ್ಬರು ಶಿಕ್ಷಕಿಯರು ಹೊರಡುವ ದಿನದಿಂದ ಮರಳುವ ದಿನದವರೆಗೆ ಹೆಣ್ಣುಮಕ್ಕಳ ಜೊತೆಗಿರುತ್ತಾರೆ. ತಂಗುವ ವ್ಯವಸ್ಥೆ ಪ್ರತ್ಯೇಕವಾಗಿರುತ್ತದೆ. ತಿಂಗಳ ದಿನಗಳ ಅಗತ್ಯಗಳಿಗೆ ಬೇಕಾದುದೆಲ್ಲವೂ ಶಿಕ್ಷಕಿಯರ ಬಳಿ ಇರುತ್ತದೆ; ಆ ಕಾರಣಕ್ಕೆ ಯಾವ ಮಗುವೂ ಹಿಂದುಳಿಯಬೇಕಾಗಿಲ್ಲ. 2014ರ ಮೇ 25ರಂದು ಎವರೆಸ್ಟ್ ಶಿಖರವನ್ನು ಏರಿದ ಮಾಲಾವತ್ ಪೂರ್ಣಾಳಿಗೆ ಆಗ ಹದಿನಾಲ್ಕು ತುಂಬಿರಲಿಲ್ಲ. ನಿಜಾಮಾಬಾದ್ ಜಿಲ್ಲೆಯ ಬಡ ಕೃಷಿಕರ ಮಗಳು, ಸರ್ಕಾರಿ ವಸತಿಶಾಲೆಯ ವಿದ್ಯಾರ್ಥಿನಿ. ಅವಳು ಹತ್ತುವುದನ್ನು ಕಲಿತದ್ದು ಭುವನಗಿರಿಯ ಕೋಟೆಬಂಡೆಯ ಮೇಲೆ. ಅಂಥ ಬಂಡೆಗಳಿಗೆ ನಮ್ಮಲ್ಲಿ ಬರವಿಲ್ಲ. ಅವಳ ತಂದೆತಾಯಿಯರಿಗೂ ನಿಮ್ಮ ಹಾಗೆಯೇ ನೆರೆಹೊರೆಯಿತ್ತು.

ಯಕ್ಷನ ಕಥೆಯಲ್ಲಿ ಪ್ರಶ್ನೆಗಳೆಲ್ಲ ಮುಗಿದ ಮೇಲೊಂದು ಪರೀಕ್ಷೆಯುಂಟು. ತಮ್ಮಂದಿರಲ್ಲಿ ಒಬ್ಬನನ್ನು ಮಾತ್ರ ಬದುಕಿಸುವೆನೆಂದಾಗ ಧರ್ಮರಾಯನು ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ. ಕುಂತಿಗೆ ತಾನೊಬ್ಬ ಮಗನಿರುವಾಗ ಮಾದ್ರಿಗೂ ಒಬ್ಬನಿರಲಿ ಎಂಬುದು ಅವನ ಎಣಿಕೆ. ಬಲಶಾಲಿಯಾದವನನ್ನು ಆರಿಸುವುದು ಲಾಭ. ಪಾಲು ದೊರೆಯದವರಿಗೆ ಪಾಲು ಉಳಿಸುವುದು ಧರ್ಮ. ನಮ್ಮ ಶಾಲೆ ಈ ಎರಡನೆಯದನ್ನು ಆರಿಸಿದೆ. ತಂಡದಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಸಮಸಂಖ್ಯೆಯಲ್ಲಿರಬೇಕು. ಹೆಣ್ಣುಮಕ್ಕಳ ಸ್ಥಾನಗಳು ತುಂಬದಿದ್ದರೆ ಅವು ಗಂಡುಮಕ್ಕಳಿಗೆ ಹೋಗುವುದಿಲ್ಲ. ಗಂಡುಮಕ್ಕಳ ಸಂಖ್ಯೆಯೂ ಅಷ್ಟಕ್ಕೇ ಇಳಿಯುತ್ತದೆ. ಒಬ್ಬ ಹುಡುಗಿಯೂ ಬಾರದಿದ್ದರೆ ಚಾರಣವೇ ನಡೆಯುವುದಿಲ್ಲ. ಇದನ್ನು ಗಂಡುಮಕ್ಕಳ ಪಾಲಕರೂ ಗಮನಿಸಿ, ನೆರೆಮನೆಯ ಹುಡುಗಿಯ ತಂದೆಯೊಡನೆ ಒಂದು ಮಾತಾಡಬೇಕೆಂದು ಕೋರುತ್ತೇವೆ.

ಬರುವ ಸೋಮವಾರ ಅನುಮತಿಪತ್ರಗಳು ಮತ್ತೊಮ್ಮೆ ಮನೆಗಳಿಗೆ ಬರುತ್ತವೆ. ಈ ಸಲ ತಂದೆಗೊಂದು, ತಾಯಿಗೊಂದು, ಹೀಗೆ ಎರಡು ಸಹಿಗಳಿಗೆ ಸ್ಥಳವಿದೆ. ಹೆಬ್ಬೆಟ್ಟಿನ ಗುರುತೂ ನಮಗೆ ಸಹಿಯೇ. ಇನ್ನೂ ಪ್ರಶ್ನೆಗಳಿದ್ದರೆ ಪತ್ರದ ಹಿಂಬದಿಯಲ್ಲಿ ಬರೆಯಿರಿ, ಇಲ್ಲವೆ ಶಾಲೆಗೆ ಬಂದು ಕೇಳಿರಿ. ಸಂಜೆ ಐದರವರೆಗೆ ನಾವು ಇಲ್ಲಿಯೇ ಇರುತ್ತೇವೆ. ನಮ್ಮೂರನ್ನು ಹಾದು ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ನಮ್ಮ ಹುಡುಗಿಯರು ದಿನವೂ ನೋಡುತ್ತಾರೆ. ಮುಂದಿನ ಮೇ ತಿಂಗಳಲ್ಲಿ ಅವರಲ್ಲಿ ಕೆಲವರಾದರೂ ಅದರ ಕಿಟಕಿಯ ಒಳಗಿನಿಂದ ನಮ್ಮತ್ತ ಕೈಬೀಸಲಿ ಎಂದು ಹಾರೈಸುತ್ತೇವೆ.