ಪ್ರಾಯೋಗಿಕ ಪರೀಕ್ಷೆ ಮತ್ತು ನಮ್ಮ ವಿದ್ಯಾರ್ಥಿಗಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊಸಕೋಟೆ, ದೇವನಹಳ್ಳಿಗಳಲ್ಲಿ ಇಂದು ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಮನೆಗಳ ಹೆಣ್ಣುಮಕ್ಕಳೂ ನರ್ಸಿಂಗ್, ಎಂ.ಬಿ.ಬಿ.ಎಸ್. ಓದುತ್ತಿದ್ದಾರೆ. ಸಂತೋಷ. ಆದರೆ ಥಿಯರಿಯಲ್ಲಿ ಒಳ್ಳೆಯ ಅಂಕ ತೆಗೆದವರೇ ಪ್ರಾಕ್ಟಿಕಲ್‌ನಲ್ಲಿ ಎಡವುವುದನ್ನು ಪರೀಕ್ಷಕನಾಗಿ ಕಂಡಿದ್ದೇನೆ. ಅಲ್ಲಿ ಕನಿಷ್ಠ ಅಂಕ ಬಾರದಿದ್ದರೆ ಥಿಯರಿಯ ಅಂಕ ಕೈಹಿಡಿಯುವುದಿಲ್ಲ.

ನಾವು ಓದುವಾಗ ಒಂದು ಲಾಂಗ್ ಕೇಸ್, ಎರಡು ಮೂರು ಶಾರ್ಟ್ ಕೇಸ್, ಕೊನೆಗೆ ವೈವಾ. ಸುಲಭದ ರೋಗಿ ಸಿಕ್ಕರೆ ಅದೃಷ್ಟ. ಪರೀಕ್ಷಕರು ಮನೆಯಲ್ಲಿ ಜಗಳವಾಡಿ ಬಂದಿದ್ದರೆ ನಮ್ಮ ಗ್ರಹಚಾರ! ಈ ಏರುಪೇರನ್ನು ಕಡಿಮೆ ಮಾಡಲೆಂದು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಒಂದು ಪದ್ಧತಿ ರೂಪಿಸಿ 1975ರಲ್ಲಿ ಪ್ರಕಟಿಸಿದರು. ಅದೇ ಓ.ಎಸ್.ಸಿ.ಇ.; ಬಾಯಿಮಾತಿನಲ್ಲಿ 'ಆಸ್ಕಿ'. ಸಾಲಾಗಿ ಸ್ಟೇಷನ್‌ಗಳು, ಒಂದೊಂದರಲ್ಲಿ ಕೆಲವೇ ನಿಮಿಷ, ಒಂದೇ ಕೆಲಸ. ಬೆಲ್ ಹೊಡೆದರೆ ಮುಂದಕ್ಕೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಚೆಕ್‌ಲಿಸ್ಟ್. 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲೂ ಇದು ಬಂದಿದೆ.

ಬಿ.ಪಿ. ನೋಡುವ ಸ್ಟೇಷನ್ನನ್ನೇ ತೆಗೆದುಕೊಳ್ಳಿ. ನೀವು ನೇರವಾಗಿ ಪಟ್ಟಿ ಸುತ್ತುತ್ತೀರಿ. ಅಷ್ಟರಲ್ಲೇ ಹಲವು ಅಂಕ ಹೋಗಿರುತ್ತದೆ! ಕೈ ತೊಳೆದಿರಾ? ನಿಮ್ಮ ಹೆಸರು ಹೇಳಿ ಒಪ್ಪಿಗೆ ಕೇಳಿದಿರಾ? ಈಗತಾನೆ ಕಾಫಿ, ಬೀಡಿ ಆಯಿತೇ ಎಂದು ವಿಚಾರಿಸಿದಿರಾ? ಐದು ನಿಮಿಷ ವಿಶ್ರಾಂತಿ ಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ಮೊದಲು ನಾಡಿ ಹಿಡಿದು ಅಂದಾಜು ಮಾಡಿ, ಅದಕ್ಕಿಂತ 30 ಮಿ.ಮೀ. ಮೇಲೇರಿಸಿ, ಸೆಕೆಂಡಿಗೆ 2–3 ಮಿ.ಮೀ.ನಂತೆ ಇಳಿಸಬೇಕು. ಓದಿದರೆ ಎರಡು ನಿಮಿಷದ ಮಾತು. ಕೈಗೆ ಬರಲು ಐವತ್ತು ಸಲ ಮಾಡಬೇಕು.

ಇನ್ನು ಮಾತಿನ ವಿಷಯ. ನಮ್ಮ ಮಕ್ಕಳಿಗೆ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್. ಎದುರಿಗೆ ಕುಳಿತವರು ಸೂಲಿಬೆಲೆ ಕಡೆಯ ಅಜ್ಜಿ. 'ಡಿಸ್ಪ್ನಿಯಾ' ಎಂದರೆ ಆಕೆಗೇನು ಗೊತ್ತು? "ಏದುಸಿರು ಬರುತ್ತಾ ಅಜ್ಜಿ? ನಡೆದಾಗ ಮಾತ್ರಾನಾ, ಮಲಗಿದಾಗಲೂನಾ?" ಎಂದು ಕೇಳಬೇಕು. ಒಬ್ಬ ಜಾಣ ವಿದ್ಯಾರ್ಥಿನಿ ಈ ಒಂದು ಪ್ರಶ್ನೆಗೆ ಕನ್ನಡ ಸಿಗದೆ, ಬೆಲ್ ಆಗುವವರೆಗೂ ಸುಮ್ಮನೆ ನಿಂತಿದ್ದಳು. ಆಕೆಗೆ ಉತ್ತರವೆಲ್ಲ ಗೊತ್ತಿತ್ತು. ನನ್ನ ಚೆಕ್‌ಲಿಸ್ಟ್ ಖಾಲಿ ಉಳಿಯಿತು.

ಆದ್ದರಿಂದ ಅಧ್ಯಕ್ಷರಲ್ಲಿ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ ಸಂಘದ ಹಾಲನ್ನು ಈ ಮಕ್ಕಳಿಗೆ ಬಿಟ್ಟುಕೊಡಿ. ನನ್ನ ಹಳೆಯ ಬಿ.ಪಿ. ಉಪಕರಣ ತರುತ್ತೇನೆ, ಬೆಲ್ ಇಲ್ಲದಿದ್ದರೆ ಸ್ಟೀಲ್ ತಟ್ಟೆಯಾದರೂ ಸಾಕು. ಐವತ್ತು ದಾಟಿದ ಸದಸ್ಯರು ರೋಗಿಗಳಾಗಿ ಬನ್ನಿ. ಕನ್ನಡದಲ್ಲೇ ಉತ್ತರಿಸಿ, ಸ್ವಲ್ಪ ಸತಾಯಿಸಿ. ನಿಮ್ಮ ಬಿ.ಪಿ. ಎಷ್ಟಿದೆಯೆಂದು ಅಂದೇ ತಿಳಿಯುತ್ತದೆ.