ಹಟ್ಟಿಯ ಗೊಬ್ಬರ, ಹಿತ್ತಲಿನ ಬೀಜ

(ಉಳ್ಳಾಲದಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಜೀವವೈವಿಧ್ಯ ಎಂದರೆ ಪಶ್ಚಿಮ ಘಟ್ಟದ ಕಾಡು, ಅಲ್ಲಿನ ಹುಲಿ, ಆನೆ ಎಂದು ನಾವು ತಿಳಿದುಕೊಂಡಿದ್ದೇವೆ. ಅದನ್ನು ಉಳಿಸುವುದು ಸರಕಾರದ ಕೆಲಸವೆಂದು ಸುಮ್ಮನಿದ್ದೇವೆ. ಆದರೆ ನಿಮ್ಮ ಹಟ್ಟಿಯ ಹಿಂದಿನ ಐದು ಸೆಂಟ್ಸ್ ಹಿತ್ತಲೂ ಅದರ ಒಂದು ಪಾಲೇ. ಅಲ್ಲಿ ನಾವು ಉಳಿಸಬೇಕಾದದ್ದು ಮುಖ್ಯವಾಗಿ ಎರಡು: ಊರಿನ ತರಕಾರಿ ಬೀಜ ಮತ್ತು ಕಾಯಿ ಕಟ್ಟಿಸುವ ಜೇನು.

ನೇತ್ರಾವತಿ ಕಡಲು ಸೇರುವ ಈ ಉಳ್ಳಾಲದ ಮಣ್ಣು ನಿಮಗೆ ಗೊತ್ತೇ ಇದೆ. ಕಡಲ ಬದಿಯಲ್ಲಿ ಹೊಯಿಗೆ, ಗುಡ್ಡದ ಮೇಲೆ ಮುರಕಲ್ಲು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದು ಒಯ್ಯುತ್ತದೆ. ಇಂಥ ನೆಲದಲ್ಲಿ ನೀರನ್ನೂ ಸಾರವನ್ನೂ ಹಿಡಿದಿಡುವುದು ಹಟ್ಟಿಗೊಬ್ಬರ. ಪೇಟೆಯವರು ದುಡ್ಡು ಕೊಟ್ಟು ತರುವ ಈ ಗೊಬ್ಬರ ನಿಮ್ಮ ಮನೆಯಲ್ಲೇ ಇದೆ. ಹಸಿ ಸೆಗಣಿಯನ್ನು ಗಿಡದ ಬುಡಕ್ಕೆ ಹಾಕಬೇಡಿ. ಸೊಪ್ಪು, ತರಗೆಲೆಯೊಂದಿಗೆ ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿ; ಮಳೆ ನೀರು ಬೀಳದಂತೆ ಮೇಲೊಂದು ಮಾಡು ಕಟ್ಟಿ.

ಇನ್ನು ಬೀಜದ ಮಾತು. ಸೌತೆ, ಹೀರೆ, ಪಡುವಲ, ಬೆಂಡೆ, ಅಲಸಂಡೆ, ಹರಿವೆ ಇವುಗಳ ಬೀಜಕ್ಕೆ ನಮ್ಮ ಹಿರಿಯರು ಅಂಗಡಿಗೆ ಹೋದವರಲ್ಲ. ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೆಗಣಿಯೊಂದಿಗೆ ಗೋಡೆಗೆ ಅಂಟಿಸಿ ಮುಂದಿನ ವರ್ಷಕ್ಕೆ ಕಾಯ್ದವರು. ಹೈಬ್ರಿಡ್ ಬೀಜದಿಂದ ಒಳ್ಳೆಯ ಬೆಳೆ ಬರಬಹುದು. ಆದರೆ ಅದರ ಕಾಯಿಯಿಂದ ತೆಗೆದ ಬೀಜ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಲೇಬೇಕು. ಮನೆಯಲ್ಲಿ ಕಾಯ್ದ ತಳಿ ಒಮ್ಮೆ ತಪ್ಪಿದರೆ ಅದನ್ನು ಯಾವ ಅಂಗಡಿಯೂ ತಂದುಕೊಡಲಾರದು. ಉಡುಪಿ ಬಳಿಯ ಮಟ್ಟು ಗ್ರಾಮದ ರೈತರು ತಮ್ಮ ಗುಳ್ಳ ಬದನೆಯ ಬೀಜವನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದರು. ೨೦೧೧ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಬೀಜ ಇದ್ದರೆ ಸಾಲದು, ಜೇನೂ ಬೇಕು. ಸೌತೆ, ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಗಂಡು ಹೂವಿನ ಪರಾಗವನ್ನು ತುಡುವೆಯೋ ಮುಜಂಟಿಯೋ ತಂದು ಮುಟ್ಟಿಸದಿದ್ದರೆ ಆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಆಗ ಎಷ್ಟು ಗೊಬ್ಬರ ಸುರಿದರೂ ಕಾಯಿ ನಿಲ್ಲುವುದಿಲ್ಲ. ೧೯೯೧-೯೨ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ರಾಶಿರಾಶಿಯಾಗಿ ಅಳಿದವು. ನಮ್ಮ ಜಿಲ್ಲೆಯ ಜೇನು ಸಾಕುವವರೂ ಪೆಟ್ಟು ತಿಂದರು. ಆ ರೋಗ ನಮ್ಮ ಕೈಯಲ್ಲಿರಲಿಲ್ಲ. ಆದರೆ ವಿಷ ಹೊಡೆಯುವುದು, ಬಿಡುವುದು ನಮ್ಮ ಕೈಯಲ್ಲಿದೆ. ಹೂ ಅರಳಿರುವಾಗ ಕೀಟನಾಶಕ ಸಿಂಪಡಿಸಬೇಡಿ. ವಿಷ ಬಿದ್ದ ಹುಲ್ಲನ್ನೋ ಸೊಪ್ಪನ್ನೋ ಹಸು ತಿಂದರೆ ಅದರ ಅಂಶ ಹಾಲಿಗೂ ಬರಬಹುದು ಎಂಬುದನ್ನು ಹಾಲು ಮಾರುವ ನಾವು ಮರೆಯಬಾರದು.

ಬೇಲಿಗೆ ದಾಸವಾಳ, ಕೇಪಳ ನೆಡಿ. ಜೇನಿಗೂ ಚಿಟ್ಟೆಗೂ ಹಕ್ಕಿಗೂ ಆಹಾರವಾಗುತ್ತದೆ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳುವನ್ನು ಕಂಡ ಕೂಡಲೇ ಕೊಲ್ಲಬೇಡಿ, ಅದು ನಾಳೆಯ ಚಿಟ್ಟೆ.

ಕೊನೆಯದಾಗಿ ಒಂದು ವಿನಂತಿ. ಪ್ರತಿಯೊಬ್ಬ ಸದಸ್ಯರೂ ಈ ವರ್ಷ ಒಂದೇ ಒಂದು ಊರಿನ ತಳಿಯನ್ನು ಆರಿಸಿ, ಒಳ್ಳೆಯ ಎರಡು ಕಾಯಿಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಹಣ್ಣಾಗಲು ಬಿಡಿ. ಪತ್ತನಾಜೆ ಬರುವ ಹೊತ್ತಿಗೆ, ಹಾಲು ತರುವಾಗ ಆ ಬೀಜವನ್ನೂ ಸಂಘಕ್ಕೆ ತನ್ನಿ, ಪರಸ್ಪರ ಹಂಚಿಕೊಳ್ಳಿ. ಒಂದು ಮನೆಯಲ್ಲಿ ತಪ್ಪಿದ ತಳಿ ಆಗ ಇನ್ನೊಂದು ಮನೆಯಲ್ಲಿ ಸಿಗುತ್ತದೆ.