ಮಾದರಿ ಚಿತ್ರವೂ ದುಡಿದವರ ಹೆಸರೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಾಂಬಾರು ಗಿರಾಕಿಯ ಮೇಜಿಗೆ ಹೋಗುವ ಮೊದಲು ನಾವು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತೇವೆ. ಮೊಬೈಲಿನಲ್ಲಿ ಚಿತ್ರ ಓಡಿಸುವ ಸಾಫ್ಟ್‌ವೇರಿಗೂ ಅಂಥ ಪರೀಕ್ಷೆ ಉಂಟು. ಚಿತ್ರ ನಡುವೆ ನಿಲ್ಲುತ್ತದೆಯೇ, ಶಬ್ದ ಹಿಂದೆ ಬೀಳುತ್ತದೆಯೇ ಎಂದು ನೋಡಲು ಒಂದು ಮಾದರಿ ವಿಡಿಯೋ ಬೇಕು. ಕಂಡವರ ಸಿನಿಮಾ ಎತ್ತಿಕೊಂಡರೆ ಹಕ್ಕುದಾರರು ಬಿಡುವರೇ?

ಇದಕ್ಕಾಗಿ ದೇಶದೇಶಗಳಲ್ಲಿ ಬಳಸುವ ಚಿತ್ರಗಳಲ್ಲೊಂದು ‘ಬಿಗ್ ಬಕ್ ಬನ್ನಿ’. ದಪ್ಪ ಮೊಲವೊಂದರ ಕಥೆ. ಸುಮಾರು 10 ನಿಮಿಷದ್ದು. ಆಮ್‌ಸ್ಟರ್‌ಡ್ಯಾಮಿನ ಬ್ಲೆಂಡರ್ ಸಂಸ್ಥೆ 2008ರಲ್ಲಿ ಇದನ್ನು ಹೊರತಂದಿತು. ಚಿತ್ರ ಮುಗಿಯುವ ಮೊದಲೇ ಜನ ಡಿವಿಡಿಗೆ ಹಣ ಕಟ್ಟಿ ಖರ್ಚಿಗೆ ಹೆಗಲು ಕೊಟ್ಟರು. ಮುಗಿದ ಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಕಲು ಮಾಡಿ, ಕತ್ತರಿಸಿ, ಮಾರಿದರೂ ಸರಿ. ಮುಖ್ಯ ಕರಾರೆಂದರೆ ಮಾಡಿದವರ ಹೆಸರು ಹೇಳಬೇಕು.

ಆ ಕರಾರನ್ನು ಗಮನಿಸಿ, ಗೆಳೆಯರೇ. ನಾವು ರುಬ್ಬಿದ ಹಿಟ್ಟಿನ ದೋಸೆಗೆ ಹೋಟೆಲಿನ ಹೆಸರು. ನಾವು ನೇಯ್ದ ಬಟ್ಟೆಗೆ ಗಿರಣಿಯ ಮುದ್ರೆ. ದುಡಿದ ಕೈಗೆ ಹೆಸರೇ ಇಲ್ಲ. ಅವರೋ, ಚಿತ್ರವನ್ನು ಧಾರಾಳವಾಗಿ ಕೊಟ್ಟರು, ಹೆಸರನ್ನು ಬಿಟ್ಟುಕೊಡಲಿಲ್ಲ.

ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಮಕ್ಕಳು ಈ ಮಾದರಿಯನ್ನು ಬಳಸುವಾಗ ಆ ಹೆಸರನ್ನು ತಪ್ಪದೆ ಬರೆಯಲಿ. ನಮ್ಮ ದುಡಿಮೆಗೆ ಹೆಸರು ಕೇಳುವ ನಾವು, ಮೊದಲು ಇತರರ ದುಡಿಮೆಗೆ ಹೆಸರು ಕೊಡೋಣ.